ಪೆಟ್ಟಿಗೆ ಚರ್ಚಿನ ಒಳಗೆ ಬರಲಿ

ಹೋದ ತಿಂಗಳು ಇಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಒಂದು ಮಣ್ಣಿಗೆ ಹೋಗಿದ್ದೆ. ನನ್ನ ಜೊತೆ ಕೆಲಸ ಮಾಡುವವರ ಮಗ. ಇಪ್ಪತ್ತಾರು ವರ್ಷ. ತಾನೇ ಜೀವ ಕಳೆದುಕೊಂಡಿದ್ದ. ಪೆಟ್ಟಿಗೆಯನ್ನು ಚರ್ಚಿನ ನಡುವೆ ತಂದಿಟ್ಟರು. ಮೇಲೆ ಅವನ ಫೋಟೋ, ಅವನು ಆಡುವಾಗ ಹಾಕುತ್ತಿದ್ದ ರಗ್ಬಿ ಅಂಗಿ. ಪಾದ್ರಿಯಮ್ಮ ಪೆಟ್ಟಿಗೆಯ ಮೇಲೆ ಕೈ ಇಟ್ಟು, ಅವನು ಹೇಗೆ ತೀರಿಕೊಂಡ ಎಂಬುದನ್ನು ಎಲ್ಲರ ಮುಂದೆ ಹೇಳಿದರು. ದನಿ ತಗ್ಗಿಸಲಿಲ್ಲ. ಆಮೇಲೆ, ‘ದೇವರು ಇವನ ಕೈ ಬಿಟ್ಟಿಲ್ಲ’ ಎಂದರು.

ನಾನು ಕೊನೇ ಬೆಂಚಿನಲ್ಲಿ ಕೂತು ಬಾಗಿಲ ಕಡೆ ನೋಡುತ್ತಿದ್ದೆ. ಈಗ ಯಾರೋ ಹಿರಿಯರು ಎದ್ದು ಬಂದು ಪೆಟ್ಟಿಗೆ ಹೊರಗೆ ತೆಗೆಸುತ್ತಾರೆ ಅಂತ. ಯಾರೂ ಏಳಲಿಲ್ಲ. ಹಾಡು ಶುರುವಾಯಿತು. ನನಗೆ ಅಳು ತಡೆಯಲಾಗಲಿಲ್ಲ. ಆ ಹುಡುಗನ ಮುಖ ನಾನು ಒಂದು ದಿನವೂ ನೋಡಿದವನಲ್ಲ. ಅತ್ತಿದ್ದು ಹುಬ್ಬಳ್ಳಿಯ ನಮ್ಮ ಅಣ್ಣನಿಗಾಗಿ.

ಅಣ್ಣ ಅಂದರೆ ದೊಡ್ಡಪ್ಪನ ಮಗ. 1998ರ ಮಳೆಗಾಲದಲ್ಲಿ ಅವನೂ ಹೀಗೇ ಜೀವ ಕಳೆದುಕೊಂಡ. ಅವನಿಗೆ ಮೂವತ್ತೊಂದು. ಸಭೆಯ, ಅಂದರೆ ನಮ್ಮ ಚರ್ಚಿನವರ, ಹಾಡುವ ತಂಡದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವನು ಅವನೇ. ನಮ್ಮಲ್ಲಿ ಯಾರು ತೀರಿಕೊಂಡರೂ ಚರ್ಚಿನ ಗಂಟೆ ಬಾರಿಸುತ್ತಾರೆ. ಅವತ್ತು ಬಾರಿಸಲಿಲ್ಲ. ಮನೆಯಿಂದ ನೇರವಾಗಿ ಸ್ಮಶಾನಕ್ಕೆ ಒಯ್ದರು. ಸಭಾಪಾಲಕರು, ಅಂದರೆ ನಮ್ಮ ಪಾದ್ರಿ, ಆರಾಧನೆಗೆ ಹಾಕುವ ನಿಲುವಂಗಿ ಇಲ್ಲದೆ ಬಂದು, ಗೇಟಿನ ಹತ್ತಿರ ನಿಂತು ಒಂದು ಕೀರ್ತನೆ ಓದಿ ಹೊರಟರು. ಅಜ್ಜ, ಅಜ್ಜಿಯ ಪಕ್ಕ ಜಾಗ ಇತ್ತು. ಆದರೆ ಗುಂಡಿ ತೆಗೆದದ್ದು ಕಂಪೌಂಡ್ ಗೋಡೆಯ ಮೂಲೆಯಲ್ಲಿ.

ಮೂರನೇ ದಿನ ಸಭಾಪಾಲಕರು ಮನೆಗೆ ಬಂದಾಗ ದೊಡ್ಡವ್ವ ಕೇಳಿದ್ದು ಒಂದೇ ಮಾತು. ‘ಅಯ್ಯನವರ, ನನ್ನ ಮಗಗ ರಕ್ಷಣೆ ಐತೋ ಇಲ್ಲೋ, ಅಷ್ಟ ಹೇಳ್ರಿ.’ ರಕ್ಷಣೆ ಅಂದರೆ ಪಾಪದಿಂದ ಬಿಡುಗಡೆ, ದೇವರ ಬಳಿ ಜಾಗ. ಅವರು ‘ಪ್ರಾರ್ಥನಾ ಮಾಡ್ರಿ’ ಅಂದರು. ದೊಡ್ಡವ್ವ ಆಮೇಲೆ ಹನ್ನೊಂದು ವರ್ಷ ಬದುಕಿದಳು. ಮನೆಗೆ ಯಾವ ಪಾಸ್ಟರ್ ಬಂದರೂ ಚಹಾ ಕೊಟ್ಟು ಅದನ್ನೇ ಕೇಳುತ್ತಿದ್ದಳು. ಯಾರೂ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ನಮ್ಮ ಕನ್ನಡದ ಆ ಪದದಲ್ಲೇ ತೀರ್ಪು ಕೂತಿದೆ ಅನಿಸುತ್ತದೆ. ಆತ್ಮಹತ್ಯೆ. ಉಳಿದವರಿಗೆ ಅದು ಪೇಪರಿನಲ್ಲಿ ಬರುವ ಒಂದು ಪದ ಇರಬಹುದು. ದೇಹ ಮಣ್ಣಿಗೆ, ಆತ್ಮ ದೇವರಿಗೆ ಎಂದು ಕೇಳುತ್ತಾ ಬೆಳೆದ ನಮ್ಮ ಕಿವಿಗೆ ಅದು ಆತ್ಮವನ್ನೇ ಕೊಂದ ಎಂದು ಕೇಳಿಸುತ್ತದೆ. ಆತ್ಮವೇ ಇಲ್ಲದ ಮೇಲೆ ರಕ್ಷಣೆ ಯಾವುದಕ್ಕೆ? ನಾನು ಈಗ ‘ಜೀವ ಕಳೆದುಕೊಂಡ’ ಅಂತಲೇ ಹೇಳುತ್ತೇನೆ.

ಊರಿನಲ್ಲಿ ಕೊಡುವ ಕಾರಣ ಎರಡು. ನರಹತ್ಯ ಮಾಡಬಾರದು ಎಂಬ ಆಜ್ಞೆ ಮುರಿದ. ಪಶ್ಚಾತ್ತಾಪಕ್ಕೆ ಸಮಯ ಉಳಿಸಿಕೊಳ್ಳಲಿಲ್ಲ. ಮೊದಲನೆಯದು 5ನೇ ಶತಮಾನದಲ್ಲಿ ಆಗಸ್ಟೀನ್ ಎಂಬ ಕ್ರೈಸ್ತ ಗುರು ಮಾಡಿದ ವಾದ. ಜೀವ ದೇವರದು, ಅದನ್ನು ನಾವು ತೆಗೆಯುವುದು ತಪ್ಪು. ಒಪ್ಪುತ್ತೇನೆ. ಎರಡನೆಯದನ್ನು ಮಾತ್ರ ಒಪ್ಪಲಾರೆ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಲಾರಿಗೆ ಸಿಕ್ಕು ಒಂದೇ ಕ್ಷಣದಲ್ಲಿ ಹೋದವರು ನಮ್ಮ ಸಭೆಯಲ್ಲೂ ಇದ್ದಾರೆ. ಅವರ ಬಾಯಲ್ಲಿ ಕೊನೆಗೆ ಪ್ರಾರ್ಥನೆ ಇತ್ತೋ ಬೈಗುಳ ಇತ್ತೋ ಯಾರಾದರೂ ಕೇಳಿದರಾ? ಅವರ ಪೆಟ್ಟಿಗೆ ಒಳಗೆ ಬಂತು. ಗಂಟೆಯೂ ಬಾರಿಸಿತು. ರಕ್ಷಣೆ ಕೃಪೆಯಿಂದ, ನಮ್ಮ ಕ್ರಿಯೆಯಿಂದಲ್ಲ ಎಂದು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ಇದೇ ಸಭೆ ಅಲ್ವಾ? ಹಾಗಿದ್ದರೆ ಕೊನೆಯ ಹತ್ತು ನಿಮಿಷ ಅಣ್ಣನ ಮೂವತ್ತೊಂದು ವರ್ಷಗಳನ್ನು ಹೇಗೆ ಅಳಿಸಿತು?

ಸತ್ಯವೇದ, ಅಂದರೆ ಬೈಬಲ್, ತೆರೆದರೆ ಈ ಗಡಸುತನ ಕಾಣುವುದಿಲ್ಲ. ನಮ್ಮವರಿಗೆ ತಕ್ಷಣ ನೆನಪಾಗುವುದು ಯೇಸುವನ್ನು ಹಿಡಿದುಕೊಟ್ಟು ಆಮೇಲೆ ತಾನೇ ಸತ್ತ ಯೂದ. ಅಹೀತೋಫೆಲ ನೆನಪಾಗುವುದಿಲ್ಲ. ಅವನೂ ತಾನು ಸಲಹೆಗಾರನಾಗಿದ್ದ ದಾವೀದ ಅರಸನಿಗೆ ದ್ರೋಹ ಮಾಡಿ, ಕೊನೆಗೆ ತಾನೇ ಸತ್ತವನು. ಆದರೂ ಅವನನ್ನು ಅವನ ತಂದೆಯ ಸಮಾಧಿಯಲ್ಲೇ ಇಟ್ಟರು. ಗೋಡೆ ಮೂಲೆ ಹುಡುಕಲಿಲ್ಲ. ದಾವೀದನಿಗೂ ಮೊದಲಿನ ಅರಸ ಸೌಲ ತನ್ನ ಕತ್ತಿಯ ಮೇಲೆ ಬಿದ್ದಾಗ ದಾವೀದ ಶೋಕಗೀತೆ ಹಾಡಿದ. ಪ್ರವಾದಿ ಎಲೀಯ ಸಾಕಪ್ಪಾ ನನ್ನ ಜೀವ ತಗೋ ಎಂದು ಮರದ ಕೆಳಗೆ ಮಲಗಿದಾಗ ದೇವದೂತ ಬಂದು ಬೈಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಎದ್ದು ಉಣ್ಣು ಅಂದ.

ಹುಬ್ಬಳ್ಳಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಬಂದದ್ದು 1839ರಲ್ಲಿ. ನಮ್ಮ ಮುತ್ತಜ್ಜಂದಿರಿಗೆ ಕಲಿಸಿದ ಪಾದ್ರಿಗಳಲ್ಲಿ ಬಹಳ ಜನ ಜರ್ಮನರು, ಪ್ರಾಟೆಸ್ಟೆಂಟ್ ಪಂಥ ಶುರುಮಾಡಿದ ಲೂಥರನ ಕಡೆಯವರು. ಆ ಲೂಥರ್ 1532ರಲ್ಲೇ ಊಟಕ್ಕೆ ಕೂತಾಗ ಹೇಳಿದ ಮಾತಿದೆ. ಹಾಗೆ ಸತ್ತವರೆಲ್ಲ ನರಕಕ್ಕೆ ಹೋದರು ಎಂಬುದನ್ನು ಅವನು ಒಪ್ಪಲಿಲ್ಲ. ಕಾಡಿನಲ್ಲಿ ಕಳ್ಳನ ಕೈಗೆ ಸಿಕ್ಕಿ ಸತ್ತವನ ಹಾಗೆ ಅವರು, ಅಂದ. ಕಥೋಲಿಕರೂ 1992ರ ಧರ್ಮೋಪದೇಶದಲ್ಲಿ ಅಂಥವರ ನಿತ್ಯ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು ಎಂದು ಬರೆದಿದ್ದಾರೆ. ದೊಡ್ಡವ್ವನಿಗೆ ಇಷ್ಟು ಹೇಳಿದ್ದರೆ ಸಾಕಿತ್ತು. 1998ರಲ್ಲಿ ಈ ಎರಡೂ ಮಾತು ಪುಸ್ತಕದಲ್ಲಿ ಇದ್ದವು.

ಕೊವೆಂಟ್ರಿಯಲ್ಲಿ ಕಂಡದ್ದು ಈ ದೇಶಕ್ಕೆ ಮೊದಲಿನಿಂದ ಬಂದ ಗುಣ ಅಲ್ಲ ಬಿಡಿ. ಇವರ ಚರ್ಚ್ ಆಫ್ ಇಂಗ್ಲೆಂಡಿನ 1662ರ ಪ್ರಾರ್ಥನಾ ಪುಸ್ತಕದಲ್ಲೇ ಇಂಥವರಿಗೆ ಶವಸಂಸ್ಕಾರದ ಆರಾಧನೆ ಇಲ್ಲ ಎಂದು ಅಚ್ಚಾಗಿತ್ತು. ಒಂದು ಕಾಲಕ್ಕೆ ಹೆಣವನ್ನು ನಾಲ್ಕು ದಾರಿ ಕೂಡುವಲ್ಲಿ ಹೂಳುತ್ತಿದ್ದರು. 1823ರ ಕಾನೂನು ಚರ್ಚಿನ ಅಂಗಳಕ್ಕೆ ಬಿಟ್ಟಿತು, ಅದೂ ರಾತ್ರಿ ಒಂಬತ್ತರಿಂದ ಹನ್ನೆರಡರ ಒಳಗೆ, ಪ್ರಾರ್ಥನೆ ಇಲ್ಲದೆ. ಬದುಕಿ ಉಳಿದವರ ಮೇಲಿನ ಕೇಸು ತಪ್ಪಿದ್ದು 1961ರಲ್ಲಿ. ಚರ್ಚಿನ ನಿಯಮ ಬದಲಿಸಲು ಇವರ ಸಿನೋಡ್, ಅಂದರೆ ಚರ್ಚಿನ ಆಡಳಿತ ಸಭೆ, ಮತ ಹಾಕಿದ್ದು 2017ರಲ್ಲಿ.

ಆದರೆ ಇಲ್ಲಿ ನಿಯಮಕ್ಕೆ ಕಾಯದೆ ಎದ್ದವರು ಇದ್ದರು. ಚಾಡ್ ವಾರಾ ಎಂಬ ಪಾದ್ರಿ 1935ರಲ್ಲಿ ಮಾಡಿದ ಮೊದಲ ಶವಸಂಸ್ಕಾರ ಒಬ್ಬ ಹುಡುಗಿಯದು. ಹದಿನಾಲ್ಕು ವರ್ಷ. ಮುಟ್ಟಾಗಿದ್ದನ್ನು ಕೆಟ್ಟ ರೋಗ ಎಂದು ತಿಳಿದು ಜೀವ ಕಳೆದುಕೊಂಡಿದ್ದಳು. ಕೇಳಲು ಅವಳಿಗೆ ಒಬ್ಬರೂ ಇರಲಿಲ್ಲ. ಆ ಮಗು ಅವರ ತಲೆಯಿಂದ ಹೋಗಲಿಲ್ಲ. 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ಜೀವ ಬೇಡ ಅನಿಸಿದವರ ಮಾತು ಕೇಳಲು ಒಂದು ಫೋನ್ ಇಟ್ಟುಕೊಂಡು ಕೂತರು. ಸಮಾರಿಟನ್ಸ್ ಸಂಸ್ಥೆ ಹುಟ್ಟಿದ್ದು ಹಾಗೆ. ನಮ್ಮ ಕಡೆ ಈಗ 14416 ಇದೆ, ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ, ಹೀಗೆ ಮಾಡಲು ಹೋದವರು ಭಾರೀ ಒತ್ತಡದಲ್ಲಿದ್ದರು ಎಂದು ತಿಳಿಯಬೇಕು, ಶಿಕ್ಷೆ ಬೇಡ ಎನ್ನುತ್ತದೆ. ಆದರೆ ಹೋದ ಸಲ ಊರಿಗೆ ಹೋದಾಗ ನಮ್ಮ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಬೆಳೆಹಬ್ಬದ ಹರಾಜಿನ ಲೆಕ್ಕ ಇತ್ತು, ಆ ನಂಬರ್ ಇರಲಿಲ್ಲ.

ಹಿರಿಯರ ಅಂಜಿಕೆ ನನಗೆ ಗೊತ್ತಿಲ್ಲ ಅಂತಲ್ಲ. ಬಾಗಿಲು ತೆರೆದರೆ ಇನ್ನೊಬ್ಬ ಹುಡುಗ ಅದೇ ದಾರಿ ಹಿಡಿದಾನು ಎನ್ನುತ್ತಾರೆ. ಲೂಥರನಿಗೂ ಆ ಭಯ ಇತ್ತು, ಈ ಮಾತನ್ನು ಎಲ್ಲರ ಮುಂದೆ ಆಡಬಾರದು ಅಂದಿದ್ದ. ಆ ಭಯದಿಂದ ಯಾರೋ ಒಬ್ಬರು ಒಂದು ರಾತ್ರಿ ದಾಟಿರಲೂಬಹುದು. ಆದರೆ ಪೆಟ್ಟಿಗೆಯಲ್ಲಿ ಮಲಗಿದವನನ್ನು ಹೆದರಿಸಿ ಏನು ಸಿಗುತ್ತದೆ? ಪೆಟ್ಟು ಬೀಳುವುದು ದೊಡ್ಡವ್ವನಿಗೆ.

ಇನ್ನೊಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ, ಬರೆಯದಿದ್ದರೆ ತಪ್ಪಾಗುತ್ತದೆ. ಆ ಚರ್ಚಿನಿಂದ ಹೊರಬಂದ ಮೇಲೆ ಚಹಾ, ಸ್ಯಾಂಡ್‌ವಿಚ್ ಆಯಿತು. ಮೂರು ಗಂಟೆಗೆ ಎಲ್ಲರೂ ಕಾರು ಹತ್ತಿದರು. ಆ ತಾಯಿ ಒಬ್ಬಳೇ ಮನೆಗೆ ಹೋದಳು. ಅಣ್ಣ ಹೋದಾಗ ನಮ್ಮ ಮನೆಯಲ್ಲಿ ಒಂಬತ್ತು ದಿನ ಒಲೆ ಹಚ್ಚಲು ಓಣಿಯವರು ಬಿಡಲಿಲ್ಲ. ಲಿಂಗಾಯತರ ಮನೆಯಿಂದ ರೊಟ್ಟಿ ಬುಟ್ಟಿ, ಮುಸಲರ ಮನೆಯಿಂದ ಅನ್ನ. ಸಭೆಯ ಹೆಂಗಸರೂ ಬಂದರು, ಅದೇ ಸಭೆಯವರು. ದೊಡ್ಡವ್ವನ ಪಕ್ಕ ಚಾಪೆ ಹಾಸಿ ರಾತ್ರಿ ಮಲಗಿದರು. ಬಾಯಿಂದ ಏನೂ ಹೇಳಲಿಲ್ಲ. ನಾನು ಇಷ್ಟು ವರ್ಷ ಬಾರಿಸದ ಗಂಟೆಯನ್ನೇ ಲೆಕ್ಕ ಹಿಡಿದೆ, ಆ ಚಾಪೆಗಳನ್ನು ಎಣಿಸಲಿಲ್ಲ.

ಈ ಡಿಸೆಂಬರಿಗೆ ಊರಿಗೆ ಹೋಗುತ್ತಿದ್ದೇನೆ. ಈಗಿನ ಸಭಾಪಾಲಕರು ಚಿಕ್ಕ ವಯಸ್ಸಿನವರು. ಫೋನ್ ಮಾಡಿ ಕೇಳಿದೆ. ಅಣ್ಣನ ಹೆಸರು ಹೇಳಿ ಒಂದು ಪ್ರಾರ್ಥನೆ, ಚರ್ಚಿನ ಒಳಗೆ, ಗಂಟೆ ಬಾರಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಿರಿಯರನ್ನ ಒಂದ್ ಮಾತ್ ಕೇಳ್ತೀನ್ರಿ ಅಣ್ಣಾರ. ಅವರು ಬ್ಯಾಡ ಅಂದ್ರೂ ಸಮಾಧಿ ಕಡೆ ನಾ ಬರ್ತೀನಿ, ನಿಲುವಂಗಿ ಹಾಕ್ಕೊಂಡ’ ಅಂದರು.