ಹ್ಯಾವಕ್ ಅಂತ ಮೊದಲು ಕೂಗಿದ್ದು ಯಾರು?

ಹ್ಯಾವಕ್ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿ ಹಾನಿ, ವಿನಾಶ, ಅಲ್ಲೋಲಕಲ್ಲೋಲ ಅಂತೆಲ್ಲ ಅರ್ಥ ಸಿಗುತ್ತದೆ. ಆದರೆ ಅದು ಹುಟ್ಟಿದ್ದು ರಣರಂಗದ ಕೂಗಾಗಿ. ಹಳೆಯ ಫ್ರೆಂಚಿನಲ್ಲಿ ಕೊಳ್ಳೆಗಿದ್ದ ಒಂದು ಪದ ನಾರ್ಮನ್ನರ ಜೊತೆ ಬೆಳೆದ ಫ್ರೆಂಚಿನ ಮೂಲಕ ಇಂಗ್ಲೆಂಡಿನಲ್ಲಿ ‘ಹಾವೊಕ್’ ಆಯಿತು. ಸೇನೆಯ ನಡುವೆ ಯಾರಾದರೂ ಹಾಗೆ ಕೂಗಿದರೆ ಮುಗಿಯಿತು, ಇನ್ನು ಸೂರೆ ಹೊಡೆಯಲು ಅಡ್ಡಿಯಿಲ್ಲ ಎಂದರ್ಥ.

1385ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ರಿಚರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋಗುವಾಗ ಡರ್ಹಮ್ ಊರಿನಲ್ಲಿ ಸೈನ್ಯಕ್ಕೆ ಕಟ್ಟಳೆಗಳನ್ನು ಹೊರಡಿಸಿದ. ಅದರಲ್ಲಿ ಒಂದು: ಯಾರೂ ಹ್ಯಾವಕ್ ಎಂದು ಕೂಗುವಂತಿಲ್ಲ, ಕೂಗಿದರೆ ತಲೆ ಹೋಗುತ್ತದೆ. ಒಂದೇ ಒಂದು ಪದಕ್ಕೆ ಶಿರಚ್ಛೇದ!

ಶತ್ರುವಿನ ಊರಿನ ಜನರ ಮೇಲಿನ ಕರುಣೆಯಿಂದ ಮಾಡಿದ ಕಟ್ಟಳೆ ಇದೆಂದು ನನಗನಿಸುವುದಿಲ್ಲ. ಗೆಲುವು ಖಾತ್ರಿಯಾಗುವ ಮೊದಲೇ ಆ ಕೂಗು ಬಿದ್ದರೆ ಸಾಲು ಒಡೆದು ಸೈನಿಕರೆಲ್ಲ ಮನೆ ಮನೆಗೆ ನುಗ್ಗುತ್ತಾರೆ, ಶತ್ರು ತಿರುಗಿ ಬಿದ್ದರೆ ನಿಲ್ಲಲು ಒಬ್ಬನೂ ಇರುವುದಿಲ್ಲ. ಕೊಳ್ಳೆಗೂ ಲೆಕ್ಕವಿತ್ತು. ಸೈನಿಕ ದೋಚಿದ್ದರಲ್ಲಿ ಮೂರನೇ ಒಂದು ಪಾಲು ಅವನ ನಾಯಕನಿಗೆ, ನಾಯಕನ ಗಳಿಕೆಯಲ್ಲೂ ಒಂದು ಪಾಲು ರಾಜನಿಗೆ. ಅಂದರೆ ಕೊಳ್ಳೆ ತಪ್ಪಾಗಿರಲಿಲ್ಲ, ಅಪ್ಪಣೆಯಿಲ್ಲದ ಕೊಳ್ಳೆ ತಪ್ಪಾಗಿತ್ತು.

ಷೇಕ್ಸ್‌ಪಿಯರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಗೆಳೆಯ ಆಂಟನಿ ಕೊಲೆಯಾದ ಸೀಸರನ ಹೆಣದ ಮುಂದೆ ನಿಂತು, ಸೀಸರನ ಪ್ರೇತ ಸೇಡಿಗಾಗಿ ಅಲೆಯುತ್ತ ‘ರಾಜನ ದನಿಯಲ್ಲಿ’ ಹ್ಯಾವಕ್ ಎಂದು ಕೂಗುತ್ತದೆ, ಯುದ್ಧದ ನಾಯಿಗಳನ್ನು ಬಿಡುತ್ತದೆ ಎನ್ನುತ್ತಾನೆ. ಈ ಮಾತನ್ನು ಎತ್ತಿ ಆಡುವವರೆಲ್ಲ ನಾಯಿಗಳನ್ನು ನೆನಪಿಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಆ ರಾಜನ ದನಿ. ಬಿಡುವವನಿಲ್ಲದೆ ನಾಯಿ ಓಡುವುದಿಲ್ಲ.

ನಮ್ಮ ಶ್ರೀರಂಗಪಟ್ಟಣ ಇದನ್ನು ಮೈಮೇಲೆ ಅನುಭವಿಸಿದೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ರಾತ್ರಿ ಗೆದ್ದ ಬ್ರಿಟಿಷ್ ಸೇನೆಯ ಸೈನಿಕರು ಊರನ್ನು ಮನಬಂದಂತೆ ದೋಚಿದರು. ಮರುದಿನ ಅಧಿಕಾರ ವಹಿಸಿಕೊಂಡ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿಯೇಟು ಕೊಡಿಸಿ ಊರನ್ನು ಹತೋಟಿಗೆ ತಂದ. ಆಮೇಲೆ? ಸೇನೆಯ ಅಧಿಕೃತ ಪ್ರತಿನಿಧಿಗಳೇ ಕೂತು ಅರಮನೆಯ ಸಂಪತ್ತನ್ನು ಲೆಕ್ಕ ಹಾಕಿ ಹಂಚಿದರು. ಟಿಪ್ಪುವಿನ ಸಿಂಹಾಸನವನ್ನೇ ಪಾಲಿಗಾಗಿ ಒಡೆದರು. ಅದರ ಚಿನ್ನದ ಹುಲಿಯ ತಲೆ ಇವತ್ತಿಗೂ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ. ರಾತ್ರಿ ದೋಚಿದ ಬಡ ಸಿಪಾಯಿಗೆ ಹಗ್ಗ, ಹಗಲಲ್ಲಿ ಪಟ್ಟಿ ಬರೆದು ದೋಚಿದವರಿಗೆ ಪಾಲು. ಡರ್ಹಮ್ ಕಟ್ಟಳೆಯ ಬುದ್ಧಿ ನಾಲ್ಕು ನೂರು ವರ್ಷ ಕಳೆದರೂ ಹಾಗೇ ಇತ್ತು. ‘ಲೂಟ್’ ಎಂಬ ಪದವನ್ನೂ ಇಂಗ್ಲಿಷರು ಇದೇ ನೆಲದಿಂದ ಒಯ್ದರು.

(ನಮ್ಮ ‘ಸೂರೆ’ಯೂ ಕಾಲಕ್ರಮದಲ್ಲಿ ಮೆತ್ತಗಾಗಿದೆ. ಊರುಗಳನ್ನು ಸುಟ್ಟು ದೋಚಿದ ಪದ ಈಗ ನೃತ್ಯ ಕಾರ್ಯಕ್ರಮದ ವರದಿಯಲ್ಲಿ ಪ್ರೇಕ್ಷಕರ ‘ಮನಸೂರೆಗೊಳ್ಳುತ್ತದೆ’. ಅದರ ಬಗ್ಗೆ ನನಗೆ ತಕರಾರಿಲ್ಲ.)

ತಕರಾರಿರುವುದು ಹ್ಯಾವಕ್ಕಿನ ಬಗ್ಗೆ. ಈಗ ಅದನ್ನು ಮಾಡುವುದು ಮಳೆ, ಗಾಳಿ, ವೈರಸ್ಸು. ಕೂಗಿದ ಮನುಷ್ಯ ಪದದೊಳಗಿಂದ ಮಾಯವಾಗಿದ್ದಾನೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ, ಹೊರವರ್ತುಲ ರಸ್ತೆ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಇಂಗ್ಲಿಷಿನಲ್ಲಿ ಮಳೆಯ ಹ್ಯಾವಕ್, ಕನ್ನಡದಲ್ಲಿ ಮಳೆಯ ಅವಾಂತರ. ಮಳೆ ಜೋರಾಗಿಯೇ ಸುರಿದಿತ್ತು, ಒಪ್ಪುತ್ತೇನೆ. ಆದರೆ ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಯ ಮೇಲೆ ಕಾಂಪೌಂಡು ಎದ್ದದ್ದು ಮಳೆಯಿಂದಲ್ಲ. ಅಲ್ಲಿ ನಕ್ಷೆಗೆ ಯಾರದೋ ಮಂಜೂರಾತಿ ಇರುತ್ತದೆ, ಇಲ್ಲವೇ ಕಣ್ಣೆದುರೇ ಗೋಡೆ ಏಳುವಾಗ ಯಾರದೋ ಮೌನ ಇರುತ್ತದೆ. ಇವತ್ತಿನ ಕೂಗು ಫೈಲಿನ ಮೇಲೆ ಸಹಿಯ ರೂಪದಲ್ಲಿ ಬೀಳುತ್ತದೆ.

ಹಾಗಾಗಿ ಪತ್ರಕರ್ತ ಗೆಳೆಯರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಸಲ ಬಡಾವಣೆ ಮುಳುಗಿದಾಗ ಎಷ್ಟು ಮಿಲಿಮೀಟರ್ ಮಳೆ ಅನ್ನುವುದರ ಜೊತೆಗೆ ಆ ಜಾಗದ ಸರ್ವೆ ನಂಬರ್, ನಕ್ಷೆ ಮಂಜೂರಾದ ವರ್ಷ, ಸಹಿ ಹಾಕಿದ ಅಧಿಕಾರಿಯ ಹುದ್ದೆ, ಇಷ್ಟನ್ನೂ ಬರೆಯಿರಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕಾದರೆ ಹಾಕಲು ನಾನೂ ಕೈ ಜೋಡಿಸುತ್ತೇನೆ.