ಊರಲ್ಲೇ ಟೂರ್, ಅದೂ ಸಂತೆಗೆ

ಶನಿವಾರ ಬೆಳಗ್ಗೆ ಸುಂಟಿಕೊಪ್ಪದ ಹತ್ತಿರ ರಸ್ತೆ ಬದಿ ನಿಂತರೆ ಬೆಂಗಳೂರಿನ ಬೈಕುಗಳೆಲ್ಲ ಸಾಲಾಗಿ ನಮ್ಮ ಕೊಡಗು ಜಿಲ್ಲೆಗೆ ಟೂರ್ ಬರುವುದು ಕಾಣುತ್ತದೆ. ಭಾನುವಾರ ಸಂಜೆ ಅಷ್ಟೂ ವಾಪಸ್. ನಡುವೆ ಅವರು ತಲಕಾವೇರಿ ನೋಡುತ್ತಾರೆ, ಅಬ್ಬಿ ಜಲಪಾತ ನೋಡುತ್ತಾರೆ, ರಾಜಾಸೀಟಿನಲ್ಲಿ ಮಂಜು ತುಂಬಿ ಏನೂ ಕಾಣದಿದ್ದರೆ ಆ ಮಂಜಿನ ಫೋಟೋನೇ ತೆಗೆಯುತ್ತಾರೆ. ನನಗೇನೂ ತಕರಾರಿಲ್ಲ. ಆದರೆ ಎಲ್ಲರೂ ಟೂರ್ ಬರುವ ಜಾಗದಲ್ಲೇ ಹುಟ್ಟಿ, ಮೂರ್ನಾಡಿನ ಹತ್ತಿರ ಮನೆ ಮಾಡಿಕೊಂಡು, ಮನೆ ಹಿಂದೆ ಒಂದಿಷ್ಟು ರೋಬಸ್ಟಾ ಕಾಫಿ ತೋಟ ಇಟ್ಟುಕೊಂಡವನು ಟೂರಿಂಗ್ ಬೈಕ್ ತಗೊಂಡು ಎಲ್ಲಿಗೆ ಹೋಗಬೇಕು?

ಇದನ್ನು ನಾನು ಬೈಕ್ ಬುಕ್ ಮಾಡುವ ಮೊದಲೇ ಚಿಕ್ಕಪ್ಪ ಕೇಳಿದ್ದರು.

"ಎಲ್ಲಿಗೆ ಹೋಗ್ಲಿಕ್ಕೆ ಮಾರಾಯ ಇದು?"

"ಲಡಾಖ್‌ಗೆ, ಚಿಕ್ಕಪ್ಪ."

"ಸರಿ. ಬಂದ ಮೇಲೆ?"

ಬಂದ ಮೇಲಿನ ವಿಚಾರ ಯಾವ ರಿವ್ಯೂನಲ್ಲೂ ಇರಲಿಲ್ಲ. ನಾನು ನೋಡದ ರಿವ್ಯೂ ಉಳಿದಿಲ್ಲ ಬಿಡಿ. ಮಳೆಗಾಲದ ರಾತ್ರಿ ಕರೆಂಟ್ ಇಲ್ಲ, ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆ ಕಿಟಕಿಯ ಪಕ್ಕ ಮಾತ್ರ, ಅಲ್ಲೇ ಸ್ಟೂಲ್ ಹಾಕಿಕೊಂಡು, ಅಮ್ಮ "ದೋಸೆ ಹುಯ್ಯಲಿಕ್ಕಾದ್ರೂ ಜಾಗ ಬಿಡು" ಎನ್ನುವವರೆಗೂ ನೋಡುತ್ತಿದ್ದೆ. ಎಲ್ಲರೂ ಮಾತಾಡುವುದು ಟಾರ್ಕ್, ಸಸ್ಪೆನ್ಷನ್, ಟ್ರ್ಯಾಕ್ಷನ್ ಕಂಟ್ರೋಲ್. ನನಗೆ ಬೇಕಿದ್ದದ್ದು ಸೀಟಿನ ಎತ್ತರ. ಯಾಕೆಂದರೆ ನನ್ನ ಎತ್ತರ ಐದಡಿ ನಾಲ್ಕಿಂಚು, ಅದೂ ಶೂ ಹಾಕಿಕೊಂಡರೆ.

ಮೀಟಿಯರ್ 350ರ ಸೀಟು 765 ಮಿ.ಮೀ. ಕೂತರೆ ಎರಡೂ ಪಾದ ನೆಲಕ್ಕೆ, ಮನಸ್ಸಿಗೂ ನೆಮ್ಮದಿ. ಆದರೆ ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು 170 ಮಿ.ಮೀ. ನಮ್ಮ ತೋಟದ ದಾರಿಯ ನಟ್ಟನಡುವೆ ಒಂದು ಬಂಡೆ ತಲೆ ಎತ್ತಿಕೊಂಡಿದೆ, ಅಜ್ಜನ ಕಾಲದಿಂದ ಅದನ್ನು ಒಡೆಸಲು ಯಾರಿಗೂ ಪುರುಸೊತ್ತಾಗಿಲ್ಲ. ಹಿಮಾಲಯನ್ 411 ಆದರೆ 220 ಮಿ.ಮೀ., ಬಂಡೆ ದಾಟುತ್ತದೆ, ಸೀಟು 800. ಅದು ಹೇಗೋ ನಡೆಯುತ್ತಿತ್ತು, ಅಷ್ಟರಲ್ಲಿ 2023ರ ಕೊನೆಗೆ 450 ಬಂದು ಸೀಟು 825ಕ್ಕೆ ಏರಿತು. ಎಕ್ಸ್‌ಪಲ್ಸ್ 200 ಹಗುರ ಗಾಡಿ, ಆದರೂ 823. ವಿ-ಸ್ಟ್ರಾಂ ಎಸ್‌ಎಕ್ಸ್ ಅಂದರೆ 835. ಆಗಿನ ಕೆಟಿಎಂ 390 ಅಡ್ವೆಂಚರ್ 855. ಅದರ ಮೇಲೆ ಹತ್ತಿ ಕೂತಾಗ ಸೇಲ್ಸ್ ಹುಡುಗ ಕೆಳಗೆ ಬಗ್ಗಿ, ನನ್ನ ಹಿಮ್ಮಡಿಗೂ ಶೋರೂಮಿನ ಟೈಲ್ಸಿಗೂ ನಡುವೆ ಅಂಗೈ ಆಡಿಸಿ, "ಸ್ವಲ್ಪನೇ ಗ್ಯಾಪ್ ಸಾರ್, ಅಭ್ಯಾಸ ಆಗುತ್ತೆ" ಎಂದ. ಯಾರಿಗೆ ಅಭ್ಯಾಸ ಆಗುತ್ತೆ, ಕಾಲಿಗಾ?

ಬಯಲುಸೀಮೆಯವರಿಗೆ ಈ ಕಷ್ಟ ಅರ್ಥವಾಗುವುದಿಲ್ಲ. ಕೊಡಗಿನ ರಸ್ತೆ ಒಂದೋ ಏರು, ಇಲ್ಲದಿದ್ದರೆ ಇಳಿಜಾರು, ಎರಡೂ ಇಲ್ಲದ ಕಡೆ ತಿರುವು. ಎದುರಿನಿಂದ ಬಸ್ ಬಂತು ಅಂತ ಬದಿಗೆ ನಿಲ್ಲಿಸಿದಿರೋ, ಟಾರಿನ ಅಂಚಿನಿಂದ ಆಚೆ ನೆಲ ಅರ್ಧ ಅಡಿ ಕೆಳಗಿರುತ್ತದೆ. ಎಡಗಾಲು ಇಳಿಸುತ್ತೀರಿ, ಇಳಿಸುತ್ತಲೇ ಹೋಗುತ್ತೀರಿ, ಕಾಲಿನ ಹಿಂದೆಯೇ ಬೈಕ್ ಬರುತ್ತದೆ.

ಕೊನೆಗೆ ಯಾವುದು ತಗೊಂಡೆ ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅದೇ ಬೈಕ್ ಇರುವವರು ಜಗಳಕ್ಕೆ ಬರುತ್ತಾರೆ, ಬೇರೆ ಬೈಕ್ ಇರುವವರು ಸಮಾಧಾನ ಹೇಳಲು ಬರುತ್ತಾರೆ. ಎರಡನೆಯವರ ಕಾಟ ಜಾಸ್ತಿ. ಇಷ್ಟು ಮಾತ್ರ ಹೇಳಬಹುದು: ಸುಮಾರು ಇನ್ನೂರು ಕೆ.ಜಿ. ತೂಕ, ಬಂಡೆ ದಾಟುತ್ತದೆ, ಕಾಲು ಎಟುಕುವುದಿಲ್ಲ. ಕುಶಾಲನಗರದ ಒಬ್ಬ ಕುಶನ್ ಕೆಲಸದವನ ಹತ್ತಿರ ಸೀಟಿನ ಫೋಮ್ ಕೆತ್ತಿಸಿದೆ. ಈಗ ಕಾಲು ಎಟುಕುತ್ತದೆ, ಅರ್ಧ ಗಂಟೆಗಿಂತ ಜಾಸ್ತಿ ಕೂರಲು ಆಗುವುದಿಲ್ಲ.

ಹಿಂದಿನ ಸೀಟಿನದ್ದು ಬೇರೆ ಕಥೆ. ಅದು ಮುಂದಿನದ್ದಕ್ಕಿಂತ ಎತ್ತರ. ಸಾರಿ ಗಾರ್ಡ್ ಬೇಕೇ ಬೇಕು ಅಂತ ಹೆಂಡತಿ ಹಟ ಹಿಡಿದಳು, ಅವಳ ಹಟಕ್ಕೆ ಕಾನೂನೂ ಬೆಂಬಲವಾಗಿತ್ತು. ಸಾರಿ ಗಾರ್ಡ್ ಹಾಕಿದರೆ ಎಡಗಡೆ ಲಗೇಜ್ ಬಾಕ್ಸ್ ಕೂರುವುದಿಲ್ಲ, ಬಾಕ್ಸ್ ಹಾಕಿದರೆ ಹೆಂಡತಿ ಕೂರುವುದಿಲ್ಲ. ಬಲಗಡೆ ಮಾತ್ರ ಬಾಕ್ಸ್ ಅಂತ ತೀರ್ಮಾನವಾಯಿತು. ಮೊದಲನೇ ಸಲ ಹತ್ತುವಾಗ ಅವಳು ಮನೆಯ ಮೆಟ್ಟಿಲ ಪಕ್ಕಕ್ಕೆ ಬೈಕ್ ತರಿಸಿ, ಮೂರನೇ ಮೆಟ್ಟಿಲಿಂದ ನೇರವಾಗಿ ಸೀಟಿಗೆ ದಾಟಿದಳು. "ಇಳಿಯೋ ಕಡೆ ಮೆಟ್ಟಿಲು ಇರುತ್ತೇನ್ರೀ?" ಅಂತ ಕೇಳಿದಳು. ಅಂದಿನಿಂದ ನಾವು ಮೆಟ್ಟಿಲಿರುವ ನೆಂಟರ ಮನೆಗಳಿಗೆ ಮಾತ್ರ ಬೈಕಿನಲ್ಲಿ ಹೋಗುತ್ತೇವೆ.

ಇನ್ನು ಲಡಾಖ್. ಆ ಕಡೆ ಬೈಕಿನಲ್ಲಿ ಓಡಾಡಲು ಒಳ್ಳೆಯ ಕಾಲ ಜೂನ್‌ನಿಂದ ಸೆಪ್ಟೆಂಬರ್. ಈಗ ನಮ್ಮ ಕಾಲಮಾನ ನೋಡಿ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣ, ತಲಕಾವೇರಿಗೆ ಹೋಗದಿದ್ದರೆ ಅಮ್ಮ ಬಿಡುವುದಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ನಮ್ಮ ಸುಗ್ಗಿ ಹಬ್ಬ ಪುತ್ತರಿ, ಜತೆಗೆ ಅರೇಬಿಕಾ ಇರುವವರ ಮನೆಯಲ್ಲಿ ಕೊಯ್ಲು, ಆಳು ಸಿಗದೆ ಅವರು ನಮ್ಮನ್ನು ಕರೆಯುತ್ತಾರೆ. ಜನವರಿಯಿಂದ ರೋಬಸ್ಟಾ, ಆಳು ಸಿಗದೆ ನಾವು ಅವರನ್ನು ಕರೆಯುತ್ತೇವೆ. ಅದು ಕಣದಲ್ಲಿ ಒಣಗುವ ಹೊತ್ತಿಗೆ ಕರಿಮೆಣಸು. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವುದು, ಬರದಿದ್ದರೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕುವುದು. ಏಪ್ರಿಲ್, ಮೇ ಪೂರ್ತಿ ಮದುವೆ. ಜೂನ್ ಬಂತು ಅಂದರೆ ಲಡಾಖಿನ ಹಿಮ ಕರಗಿ ಅವರ ರಸ್ತೆ ತೆರೆದಿರುತ್ತದೆ, ಇಲ್ಲಿ ಮಳೆ ಹಿಡಿದು ನಮ್ಮ ರಸ್ತೆ ಮುಚ್ಚುತ್ತದೆ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ತುಂಬಿದರೆ ನಾಪೋಕ್ಲು ಕಡೆಯ ರಸ್ತೆ ನೀರಿನಡಿ ಹೋಗುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಗುಡ್ಡದ ಜೊತೆ ಕುಸಿದಿತ್ತು. ಅದನ್ನು ಕಣ್ಣಾರೆ ಕಂಡ ಅಮ್ಮ ಈಗ ಮಳೆ ಜೋರಾದರೆ ಸಾಕು, ಬೈಕಿನ ಕೀ ತೆಗೆದು ಅಕ್ಕಿ ಡಬ್ಬದಲ್ಲಿ ಹಾಕುತ್ತಾರೆ. ಗೊತ್ತಿದ್ದೂ ನಾನು ಕೇಳುವುದಿಲ್ಲ. ಬೈಕನ್ನು ರೈಲಿಗೆ ಹಾಕಿ ಕಳಿಸೋಣವೆಂದರೆ ಇಡೀ ಜಿಲ್ಲೆಯಲ್ಲಿ ರೈಲು ಹಳಿ ಇಲ್ಲ, ಮೈಸೂರಿಗೆ ಹೋಗಬೇಕು. ಹಾಗಾಗಿ ಲಡಾಖ್ ಹೆಸರಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಈಗ ಮೆಣಸಿನ ರೇಟು ಮಾತ್ರ ಬರುತ್ತದೆ.

ನಿಜವಾದ ದೂರದ ಸವಾರಿ ಅಂತ ಆದದ್ದು ಬೆಂಗಳೂರಿಗೆ, ನೆಂಟರ ಗೃಹಪ್ರವೇಶಕ್ಕೆ. ಜಾಕೆಟ್, ಗ್ಲೌಸ್, ಮೊಣಕಾಲಿಗೆ ಗಾರ್ಡ್, ಎಲ್ಲಾ ಹಾಕಿಕೊಂಡು ಮೈಸೂರು ದಾಟಿದರೆ ಎಕ್ಸ್‌ಪ್ರೆಸ್‌ವೇ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶ ಇಲ್ಲ. ಆಟೋಗೂ ಇಲ್ಲ, ಟ್ರ್ಯಾಕ್ಟರಿಗೂ ಇಲ್ಲ, ಎಲ್ಲರೂ ಸರ್ವೀಸ್ ರಸ್ತೆಯಲ್ಲಿ ಒಟ್ಟಿಗೆ. ಹೆದ್ದಾರಿಗೆಂದೇ ಮಾಡಿದ ಗಾಡಿಯನ್ನು ಮಂಡ್ಯದ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಮೂರನೇ ಗೇರಿನಲ್ಲಿ ಓಡಿಸಿದೆ. ಗೃಹಪ್ರವೇಶದ ಊಟಕ್ಕೆ ಕೊನೆಯ ಪಂಕ್ತಿ ಸಿಕ್ಕಿತು. ಕೆತ್ತಿಸಿದ ಸೀಟಿನ ದಯೆಯಿಂದ ನಾನು ನಿಂತುಕೊಂಡೇ ಊಟ ಮಾಡಿದೆ.

ಊರೊಳಗೆ ಆ ಜಾಕೆಟ್ ಹಾಕಿಕೊಂಡು ಓಡಾಡುವುದು ಇನ್ನೂ ಕಷ್ಟ. ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದರೆ "ರೂಂ ಬೇಕಾ ಸಾರ್? ಹೋಂಸ್ಟೇ? ಕ್ಯಾಂಪ್ ಫಯರ್ ಇದೆ" ಎಂದು ಹುಡುಗರು ಸುತ್ತಿಕೊಳ್ಳುತ್ತಾರೆ. ನಂಬರ್ ಪ್ಲೇಟ್ ತೋರಿಸಿ, ಕೆಎ 12 ಕಣಪ್ಪಾ, ಇದೇ ಊರಿನವನು ಎಂದರೂ ಬಿಡುವುದಿಲ್ಲ. ಒಬ್ಬನಂತೂ ನನ್ನ ಚಿಕ್ಕಪ್ಪನ ಮಗಳ ಹೋಂಸ್ಟೇ ಫೋಟೋವನ್ನೇ ನನಗೆ ತೋರಿಸಿ, "ನೋಡಿ ಸಾರ್, ಓನರ್ ತುಂಬಾ ಒಳ್ಳೆಯವರು" ಎಂದ. ಅಷ್ಟೇನಿಲ್ಲ ಎಂದು ಹೇಳಬೇಕೆನಿಸಿತು, ಸುಮ್ಮನಾದೆ.

ಹೀಗೆ ಟೂರಿಗೆ ಹೋಗದ ಟೂರಿಂಗ್ ಬೈಕು ನಿಧಾನವಾಗಿ ಮನೆ ಕೆಲಸಕ್ಕೆ ಇಳಿಯಿತು. ಮುಖ್ಯವಾಗಿ ಆ ಬಲಗಡೆ ಬಾಕ್ಸ್. ಅದು ವಾಟರ್‌ಪ್ರೂಫ್. ಎಷ್ಟು ಮಳೆ ಬಂದರೂ ಒಳಗೆ ಒಂದು ಹನಿ ಹೋಗುವುದಿಲ್ಲ ಅಂತ ಕಂಪನಿ ಬರೆದಿತ್ತು, ನಿಜವೇ. ಒಳಗಿರುವ ವಾಸನೆ ಹೊರಗೆ ಬರುವುದಿಲ್ಲ ಅಂತ ಮಾತ್ರ ಬರೆದಿರಲಿಲ್ಲ. ಒಂದು ಮಳೆಗಾಲ ಗೋಣಿಕೊಪ್ಪದ ಸಂತೆಯಿಂದ ಒಣಮೀನು ತಂದೆ. ಮುಂದಿನ ವಾರ ಕಣಿಲೆ, ಅಂದರೆ ಎಳೆ ಬಿದಿರು. ಅದೂ ನೆನೆಸಿ ಇಟ್ಟ ಕಣಿಲೆ, ಗೊತ್ತಿದ್ದವರಿಗೆ ಗೊತ್ತು. ಸೋಪು, ನಿಂಬೆಹುಳಿ, ಬಿಸಿಲು, ಕಾಫಿ ಪುಡಿ ಎಲ್ಲಾ ಆಯಿತು. ಈಗ ಒಣಮೀನು, ಕಣಿಲೆ, ನಿಂಬೆ, ಕಾಫಿ ನಾಲ್ಕೂ ಸೇರಿದ ವಾಸನೆ ಇದೆ. ಬೆಕ್ಕು ಅದರ ಪಕ್ಕದಲ್ಲೇ ಮಲಗುತ್ತದೆ, ಗಾಡಿ ಸ್ಟಾರ್ಟ್ ಮಾಡಿದರೆ ನನ್ನ ಮುಖವನ್ನು ಬೇಜಾರಿನಿಂದ ನೋಡುತ್ತದೆ. ಜಾಕೆಟ್ ಒಳಕೋಣೆಯಲ್ಲಿ ನೇತುಹಾಕಿದ್ದೆ, ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಕಪ್ಪಿನದು ಹಸಿರಾಯಿತು.

ಸೈಡ್ ಸ್ಟ್ಯಾಂಡಿನ ವಿಷಯ ಒಂದೇ ಮಾತು. ನೆನೆದ ಕೆಮ್ಮಣ್ಣಿನಲ್ಲಿ ಅದನ್ನು ನಂಬಿ ಬೆನ್ನು ತಿರುಗಿಸಬಾರದು. ಮದುವೆ ಮನೆಯ ಅಂಗಳದಲ್ಲಿ ಅದು ಮೆಲ್ಲಗೆ ಹೂತುಕೊಂಡು, ನನ್ನ ಬೈಕು ಪಕ್ಕದ ಸ್ಕೂಟರನ್ನು, ಸ್ಕೂಟರು ಅದರ ಪಕ್ಕದ್ದನ್ನು ಕೆಡವಿತು. ಬಿದ್ದ ಬೈಕನ್ನು ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಎತ್ತುವ ವಿಧಾನ ನಾನು ವಿಡಿಯೋದಲ್ಲಿ ಕಲಿತಿದ್ದೆ, ಅದನ್ನೇ ಮಾಡಲು ಹೋದೆ. ಪಂಚೆಯಲ್ಲಿ ಅದು ಆಗುವುದಿಲ್ಲ. ಈಗ ಬಾಕ್ಸಿನಲ್ಲಿ ಒಂದು ಚಪ್ಪಟೆ ಕಲ್ಲು ಇರುತ್ತದೆ, ಸ್ಟ್ಯಾಂಡಿನ ಕೆಳಗಿಡಲು.

ಇದೆಲ್ಲಕ್ಕಿಂತ ದೊಡ್ಡದು ಬ್ಯಾಟರಿ ಪ್ರಸಂಗ. ಮಂಜಿಗೆ ಅಂತ ಹಳದಿ ಫಾಗ್ ಲೈಟ್ ಹಾಕಿಸಿದ್ದೆ, ಮೊಬೈಲ್ ಚಾರ್ಜರ್, ಕಳ್ಳರ ಭಯಕ್ಕೆ ಜಿಪಿಎಸ್ ಟ್ರ್ಯಾಕರ್. ಜುಲೈ ಪೂರ್ತಿ ಬೈಕ್ ಕೊಟ್ಟಿಗೆಯಲ್ಲಿ ನಿಂತಿತ್ತು, ಟ್ರ್ಯಾಕರ್ ಮಾತ್ರ ದಿನವಿಡೀ ಕರೆಂಟ್ ಕುಡಿಯುತ್ತಾ ಅದು ಕೊಟ್ಟಿಗೆಯಲ್ಲೇ ಇದೆ ಅಂತ ನನ್ನ ಫೋನಿಗೆ ವರದಿ ಕಳಿಸುತ್ತಿತ್ತು. ಒಂದು ದಿನ ವರದಿ ನಿಂತಿತು. ಸ್ವಿಚ್ ಒತ್ತಿದರೆ ಟಿಕ್ ಅಂತ ಒಂದೇ ಸದ್ದು.

ಚಿಕ್ಕಪ್ಪ ಬಂದು ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕಿಕ್ಕರ್ ಎಲ್ಲಿ?" ಅಂದರು. ಇಲ್ಲ ಎಂದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ್ದರೂ, ಅಲ್ಲಿ ಹುಟ್ಟಿದ ಅವರ ಯೆಜ್ಡಿ ಇನ್ನೂ ಓಡುತ್ತದೆ. ಅದರಲ್ಲಿ ಕಿಕ್ಕರೂ ಅದೇ, ಗೇರ್ ಲಿವರೂ ಅದೇ, ಒಂದೇ ಸಲಾಕೆ ಎರಡು ಕೆಲಸ. ಅಂಥ ಗಾಡಿ ಇಟ್ಟುಕೊಂಡವರಿಗೆ ಒಂದೂ ಇಲ್ಲದ ಗಾಡಿ ನೋಡಿ ಎಷ್ಟು ಖುಷಿ ಆಗಬೇಡ! "ನೂಕಿ ಸ್ಟಾರ್ಟ್ ಮಾಡುವ, ನಮ್ಮಲ್ಲಿ ಇಳಿಜಾರಿಗೆ ಏನು ಬರ?" ಎಂದರು. ಇದು ಕಾರ್ಬೊರೇಟರ್ ಗಾಡಿ ಅಲ್ಲ, ಫ್ಯೂಯಲ್ ಇಂಜೆಕ್ಷನ್, ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪೂ ಓಡುವುದಿಲ್ಲ, ನೂಕಿ ಪ್ರಯೋಜನ ಇಲ್ಲ ಎಂದು ನಾನು ವಿವರಿಸುತ್ತಿರುವಾಗಲೇ ಚಿಕ್ಕಪ್ಪ, ತಮ್ಮ, ಪಕ್ಕದ ಮನೆಯವರು ಸೇರಿ ಹಿಂದಿನಿಂದ ನೂಕಿಯಾಗಿತ್ತು. ನಾನು ಸೀಟಿನ ಮೇಲಿದ್ದೆ.

ನಮ್ಮ ಮನೆ ಗುಡ್ಡದ ಮೇಲೆ, ಗದ್ದೆ ಕೆಳಗೆ. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ, ಹಿಂದಿನ ಚಕ್ರ ಕೆಸರಿನಲ್ಲಿ ಜಾರಿತೇ ಹೊರತು ಎಂಜಿನ್ ಉಸಿರೆತ್ತಲಿಲ್ಲ. ಮತ್ತೆ ಬಿಟ್ಟೆ. "ಇನ್ನೊಂದ್ಸಲ!" ಎಂದು ಮೇಲಿನಿಂದ ಕೂಗಿದರು. ಹಾಗೇ ಇನ್ನೊಂದ್ಸಲ, ಮತ್ತೊಂದ್ಸಲ ಎನ್ನುತ್ತಾ ಕಾಫಿ ಗಿಡ ದಾಟಿ, ಬಂಡೆ ದಾಟಿ (ಅದನ್ನು ಚೆನ್ನಾಗಿ ದಾಟಿತು, ಸುಳ್ಳು ಹೇಳಬಾರದು), ಬಾಳೆ ದಾಟಿ, ನಾಟಿಗೆ ನೀರು ಕಟ್ಟಿದ್ದ ಗದ್ದೆಯ ಅಂಚಿಗೆ ಬಂದು ನಿಂತಿತು. ಈಗ ಬ್ಯಾಟರಿ ಸತ್ತ ಇನ್ನೂರು ಕೆ.ಜಿ. ಗುಡ್ಡದ ಕೆಳಗೆ, ಜಂಪ್ ಸ್ಟಾರ್ಟ್ ಕೊಡಬಹುದಾಗಿದ್ದ ಜೀಪು ಗುಡ್ಡದ ಮೇಲೆ. ಜೀಪು ಇಳಿಯುವಷ್ಟು ದಾರಿ ಇಲ್ಲ. ಕೊನೆಗೆ ತಮ್ಮ ಜೀಪಿನ ಬ್ಯಾಟರಿ ಬಿಚ್ಚಿ ತಲೆ ಮೇಲೆ ಹೊತ್ತು ತಂದ, ಎರಡು ವಯರ್ ಸಿಕ್ಕಿಸಿದ್ದೇ ತಡ ಬೈಕ್ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು. "ನೂಕಿದ್ದಕ್ಕೇ ಸ್ವಲ್ಪ ಸಡಿಲ ಆದದ್ದು" ಎಂದರು ಚಿಕ್ಕಪ್ಪ. ಮೊಣಕಾಲಿಗೆ ಹತ್ತಿದ್ದ ಜಿಗಣೆ ನನಗೆ ಕಂಡದ್ದು ಕಾಫಿ ಕುಡಿಯುವಾಗ.

ಮೆಕ್ಯಾನಿಕ್ ಆಮೇಲೆ ಹೇಳಿದ: "ವಾರಕ್ಕೊಮ್ಮೆ ಅರ್ಧ ಗಂಟೆ ಓಡ್ಸಿ ಅಣ್ಣಾ, ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಇಟ್ರೆ ಚಾರ್ಜ್ ಆಗಲ್ಲ. ಇಲ್ಲಾಂದ್ರೆ ನೆಗೆಟಿವ್ ವಯರ್ ಬಿಚ್ಚಿಡಿ." ವಾರಕ್ಕೊಮ್ಮೆ ಅರ್ಧ ಗಂಟೆ ಅಂದರೆ ಸಂತೆಗೆ ಹೋಗಿ ಬರುವ ಹೊತ್ತಿಗೆ ಸರಿಹೋಗುತ್ತದೆ.

ಕಳೆದ ತಿಂಗಳು ಮಾರಿಬಿಡೋಣ ಅಂತ ಹೆಂಡತಿ ಹೇಳಿ, ಬೆಂಗಳೂರಿನಿಂದ ಒಬ್ಬ ಹುಡುಗ ನೋಡಲು ಬಂದ. ಒಳ್ಳೆಯ ಉದ್ದ ಕಾಲಿನವನು. ಮೀಟರ್ ನೋಡಿ, "ಕಮ್ಮಿ ಓಡಿದೆ, ಎಲ್ಲೆಲ್ಲಿ ಟೂರ್ ಹೋಗಿದ್ದೀರ ಸಾರ್?" ಎಂದ. ಗೋಣಿಕೊಪ್ಪ, ನಾಪೋಕ್ಲು, ಸಿದ್ದಾಪುರ, ವಿರಾಜಪೇಟೆ ಎಂದೆ. "ವಾವ್, ಪೂರ್ತಿ ಕೂರ್ಗ್ ಕವರ್ ಮಾಡಿದ್ದೀರ" ಎಂದ. ಸೀಟಿನ ಮೇಲೆ ಕೂತು ಏನೋ ಸರಿಯಿಲ್ಲ ಅನ್ನುವ ಮುಖ ಮಾಡಿದ, ಆದರೂ ರೇಟಿಗೆ ಒಪ್ಪಿದ. ಆಮೇಲೆ ಬಾಕ್ಸ್ ತೆರೆದ. ಮುಚ್ಚಿದ. ಸ್ವಲ್ಪ ಹೊತ್ತು ಗದ್ದೆ ಕಡೆ ನೋಡಿದ.

"ಬಾಕ್ಸ್ ಬೇಡ ಸಾರ್, ಬೈಕ್ ಮಾತ್ರ ಸಾಕು. ಅದರದ್ದು ರೇಟಲ್ಲಿ ಕಡಿಮೆ ಮಾಡಿ."

ನಾನು ಆಗಲಿ ಎನ್ನುವಷ್ಟರಲ್ಲಿ ಅಮ್ಮ ಒಳಗಿನಿಂದ ಬಂದರು. "ಬೈಕ್ ಕೊಟ್ಟು ಬಾಕ್ಸ್ ಇಟ್ಕೊಂಡ್ರೆ ಅದನ್ನ ಯಾವುದಕ್ಕೆ ಕಟ್ಟೋದು? ಮಳೆ ಶುರುವಾಯ್ತು, ಒಣಮೀನು ಯಾರು ತರ್ತಾರೆ?" ಎಂದರು. ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದೆವು. ಹೋಗುವಾಗ ಒಳ್ಳೆ ಹೋಂಸ್ಟೇ ಇದ್ದರೆ ಹೇಳಿ ಎಂದ, ಚಿಕ್ಕಪ್ಪನ ಮಗಳ ನಂಬರ್ ಕೊಟ್ಟೆ.