ನೋಟಿಸ್ ಅವಧಿ ಪೂರೈಸದೆ ಕೆಲಸ ಬಿಡಬಹುದೇ?

ಪರ: ಮಡಿಕೇರಿಯ ವಕೀಲರೊಬ್ಬರಿಂದ

ಬಿಡಬಹುದು ಎಂಬ ಪಕ್ಷ ವಹಿಸಿ ಬರೆಯಬೇಕೆಂಬ ಕೋರಿಕೆ ಬಂತು, ಒಪ್ಪಿಕೊಂಡೆ. ವಹಿಸಿಕೊಟ್ಟ ಪಕ್ಷದ ಪರ ವಾದಿಸುವುದು ನನ್ನ ವೃತ್ತಿಯೇ ಆಗಿದೆ. ಕಾಯಿದೆಯ ಮಟ್ಟಿಗೆ ಇಲ್ಲಿ ಹೆಚ್ಚು ಗೊಂದಲವಿಲ್ಲ. ದುಡಿಯಲು ಮನಸ್ಸಿಲ್ಲದ ನೌಕರನನ್ನು ದುಡಿಯುವಂತೆ ಆದೇಶಿಸಲು ನ್ಯಾಯಾಲಯಗಳು ಮುಂದಾಗುವುದಿಲ್ಲ; 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 14ನೇ ಕಲಮಿನ ಸಾರವೂ ಅದೇ. ಹೆಚ್ಚೆಂದರೆ ಮಾಲೀಕರು ಹಣ ಕೇಳಬಹುದು, ಆ ಹಣವೂ ಕರಾರಿನಲ್ಲಿ ಬರೆದಿದೆ ಎಂದ ಮಾತ್ರಕ್ಕೆ ಪೂರ್ತಿಯಾಗಿ ದಕ್ಕುವುದಿಲ್ಲ. 1872ರ ಕರಾರು ಅಧಿನಿಯಮದ 74ನೇ ಕಲಮು, ನಮೂದಿಸಿದ ಮೊತ್ತವನ್ನು ಮೀರದಂತೆ, ಸಮಂಜಸವಾದ ಪರಿಹಾರಕ್ಕಷ್ಟೇ ಅವಕಾಶ ಕೊಡುತ್ತದೆ.

ಕೊಡಗಿನ ಮಾತಿಗೆ ಬರೋಣ. ಮಳೆಗಾಲದಲ್ಲಿ ಕೋಣೆಗಳು ಖಾಲಿ ಬಿದ್ದಾಗ ‘ನಾಳೆಯಿಂದ ಬರುವುದು ಬೇಡ, ಬೇಕಾದಾಗ ಕರೆಯುತ್ತೇವೆ’ ಎನ್ನುವ ರೆಸಾರ್ಟುಗಳೇ, ಸ್ವಾಗತದ ಮೇಜಿನಲ್ಲಿ ಕೂರುವ ಹುಡುಗಿಗೆ ಮೈಸೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೊಡನೆ ಮೂರು ತಿಂಗಳ ನೋಟಿಸಿನ ಷರತ್ತನ್ನು ನೆನಪಿಸುತ್ತವೆ. ಮೈಸೂರಿನವರು ಅಷ್ಟು ಕಾಲ ಕಾಯುವುದಿಲ್ಲ. ಅವಳ ಮೂಲ ಅಂಕಪಟ್ಟಿಗಳು ಕಚೇರಿಯ ಕಪಾಟಿನಲ್ಲಿ ಉಳಿದುಬಿಟ್ಟಿದ್ದರಂತೂ ಕತೆ ಮುಗಿಯಿತು. ರಾಜೀನಾಮೆ ಕೊಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಸಲ್ಲಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ, ಅದು 2025ರ ನವೆಂಬರಿನಲ್ಲಿ ಜಾರಿಗೂ ಬಂದಿದೆ. ಇದು ಇನ್ನೂ ಅನೇಕ ಕಚೇರಿಗಳ ಕಿವಿಗೆ ಬಿದ್ದಂತಿಲ್ಲ.

ಕನಿಷ್ಠ ಮೂರು ವರ್ಷ ದುಡಿಯದೆ ಹೊರಟ ಬ್ಯಾಂಕ್ ಅಧಿಕಾರಿ 2 ಲಕ್ಷ ರೂಪಾಯಿ ತೆರಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದು ಸಾರ್ವಜನಿಕ ವಲಯದ ಬ್ಯಾಂಕಿನ ಮಾತು, ಕುಶಾಲನಗರದ ರೆಸಾರ್ಟಿನದಲ್ಲ ಎಂದಷ್ಟೇ ನಾನು ಹೇಳಬಲ್ಲೆ. ನನ್ನ ಗುಮಾಸ್ತರು ಮಾತ್ರ ಈ ಬರಹವನ್ನು ಓದದಿದ್ದರೆ ಒಳ್ಳೆಯದು.

ವಿರೋಧ: ಸಿದ್ದಾಪುರ ಸಮೀಪದ ಕಾಫಿ ತೋಟವೊಂದರ ವ್ಯವಸ್ಥಾಪಕರಿಂದ

ಪರ ಬರೆಯುವವರು ಕಾಯಿದೆಯ ಪುಸ್ತಕ ತೆರೆಯುತ್ತಾರೆಂದು ನನಗೆ ಗೊತ್ತಿತ್ತು. ನಾನು ತೆರೆಯುವುದು ತೋಟದ ಚೆಕ್ ರೋಲನ್ನು, ಅಂದರೆ ಆಳುಗಳ ಹಾಜರಿ ಪುಸ್ತಕವನ್ನು.

ರೋಬಸ್ಟಾ ಕೊಯ್ಲು ಬಿರುಸಾಗಿದ್ದ ಒಂದು ಜನವರಿಯಲ್ಲಿ ನಮ್ಮ ರೈಟರು, ಎಂದರೆ ತೋಟದ ಲೆಕ್ಕ ಬರೆಯುವವರು, ಬೆಳಗಿನ ಹಾಜರಿಗೆ ಬರಲಿಲ್ಲ. ಮಧ್ಯಾಹ್ನ ಮೊಬೈಲಿಗೆ ಎರಡು ಸಾಲಿನ ರಾಜೀನಾಮೆ ಬಂತು. ಬೇರೊಂದು ತೋಟದಲ್ಲಿ ಹೆಚ್ಚು ಸಂಬಳ ಸಿಕ್ಕಿತ್ತಂತೆ. ಸಂಜೆ ಹಣ್ಣಿನ ಚೀಲಗಳನ್ನು ತೂಕಕ್ಕಿಟ್ಟಾಗ ಯಾರು ಎಷ್ಟು ಕಿಲೋ ಕೊಯ್ದರೆಂದು ಬರೆದುಕೊಳ್ಳುತ್ತಿದ್ದವರು ಅವರೇ, ಮತ್ತು ಅವರು ಬರೆದದ್ದು ಅವರಿಗೆ ಮಾತ್ರ ಅರ್ಥವಾಗುತ್ತಿತ್ತು. ಒಂದೇ ಹೆಸರಿನ ಹೆಂಗಸರಲ್ಲಿ ಒಬ್ಬರಿಗೆ ಚುಕ್ಕೆ, ಇನ್ನೊಬ್ಬರಿಗೆ ಅಡ್ಡಗೆರೆ. ಗಂಡ ಹೆಂಡತಿ ಒಂದೇ ಚೀಲಕ್ಕೆ ಕೊಯ್ದಿದ್ದರೆ ಅಂಕಿಯ ಸುತ್ತ ಒಂದು ಸೊನ್ನೆ. ಮುಂಗಡ ಪಡೆದವರ ಲೆಕ್ಕವೆಲ್ಲ ಹಿಂಬದಿಯ ಹಾಳೆಯಲ್ಲಿ ಅರ್ಧ ಅಳಿಸಿದ ಪೆನ್ಸಿಲಿನ ಬರಹ. ವಾರದ ಬಟವಾಡೆಗೆ ಕುಳಿತಾಗ ಆ ಪುಸ್ತಕವನ್ನು ಬಿಡಿಸಿ ಓದಬಲ್ಲವರು ತೋಟದಲ್ಲಿ ಒಬ್ಬರೂ ಇರಲಿಲ್ಲ, ಅವರ ಮೊಬೈಲು ಬಂದ್ ಆಗಿತ್ತು. ಅಸ್ಸಾಮಿನಿಂದ ಬಂದಿದ್ದ ಕುಟುಂಬವೊಂದು ತಾನು ಕೊಯ್ದದ್ದನ್ನು ಲೈನ್ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗುರುತು ಹಾಕಿಕೊಂಡಿತ್ತು. ಆ ಗೋಡೆಯನ್ನೇ ನಂಬಿ ಅವರಿಗೆ ಹಣ ಎಣಿಸಿಕೊಟ್ಟೆವು. ಗೋಡೆಯಲ್ಲಿ ಗೀಚಿಕೊಳ್ಳದವರು ಮುಂದಿನ ಬಟವಾಡೆಯವರೆಗೆ ಕಾಯಬೇಕಾಯಿತು, ಸಂತೆಯ ಸಾಮಾನನ್ನು ಸಾಲಕ್ಕೆ ತಂದರು. ರೈಟರು ಹೋದದ್ದರಿಂದ ಮಾಲೀಕರ ಮನೆಯಲ್ಲಿ ಯಾರ ಊಟವೂ ತಪ್ಪಲಿಲ್ಲ ಎಂಬುದನ್ನು ‘ನೌಕರರ ಪರ’ ಎಂದುಕೊಂಡು ವಾದಿಸುವವರು ಗಮನಿಸಬೇಕು.

ಉಳಿದ ಸಂಬಳ ಬಿಟ್ಟುಕೊಟ್ಟರೆ ಲೆಕ್ಕ ಚುಕ್ತಾ ಎನ್ನುತ್ತಾರೆ. ಬಿಟ್ಟುಕೊಟ್ಟ ಸಂಬಳ ತಂದು ಆ ಪುಸ್ತಕವನ್ನು ಯಾರಿಂದ ಓದಿಸಲಿ? ಕೊಯ್ಲು ಹಿಂದೆ ಬಿದ್ದು, ಕಾಫಿ ಗಿಡಕ್ಕೆ ಹೂ ಬರಿಸುವ ಹೂಮಳೆ ಬೇಗ ಸುರಿದರೆ ಹಣ್ಣೂ ಹೂವೂ ಒಂದೇ ಕೊಂಬೆಯಲ್ಲಿ ನಿಲ್ಲುತ್ತವೆ, ಹಣ್ಣು ಕೀಳಹೋದರೆ ಮುಂದಿನ ವರ್ಷದ ಫಸಲಿಗೇ ಕೈ ಹಾಕಿದಂತೆ. ತೋಟದಲ್ಲಿ ದುಡಿದ ರೈಟರಿಗೆ ಇದು ತಿಳಿಯದ ಸಂಗತಿಯಲ್ಲ. ಏಪ್ರಿಲಿನಲ್ಲಿ ಹೋಗಿದ್ದರೆ ನಾನೇ ಬಸ್ ನಿಲ್ದಾಣದವರೆಗೆ ಜೀಪಿನಲ್ಲಿ ಬಿಟ್ಟು ಬರುತ್ತಿದ್ದೆ.

ಮಾಲೀಕರೂ ಒಂದೇ ದಿನದಲ್ಲಿ ಮನೆಗೆ ಕಳುಹಿಸುವುದಿಲ್ಲವೇ ಎಂದು ಕೇಳುವವರ ಕಣ್ಣಿಗೆ ಕೊಡಗಿನ ಪ್ರತಿಯೊಬ್ಬ ಮಾಲೀಕನೂ ಕುದುರೆಯೇರಿ ಬರುವ ಬಿಳಿ ದೊರೆಯಂತೆಯೇ ಕಾಣುತ್ತಾನೆ. ರೆಸಾರ್ಟುಗಳ ವ್ಯವಹಾರ ನನಗೆ ತಿಳಿಯದು, ಅದಕ್ಕೆ ರೆಸಾರ್ಟಿನವರೇ ಉತ್ತರ ಹೇಳಲಿ.

ಈಗ ನಮ್ಮಲ್ಲಿ ಕೆಲಸಕ್ಕೆ ಸೇರುವ ರೈಟರಿಗೆ ಒಂದು ತಿಂಗಳ ನೋಟಿಸಿನ ಜತೆಗೆ, ಕೊಯ್ಲಿನ ಕಾಲದಲ್ಲಿ ಬಿಡುವುದಾದರೆ ತೂಕದ ಪುಸ್ತಕವನ್ನು ಇನ್ನೊಬ್ಬರ ಎದುರು ಓದಿ ಒಪ್ಪಿಸಿ ಸಹಿ ಹಾಕಿಯೇ ಹೋಗಬೇಕೆಂಬ ಷರತ್ತನ್ನೂ ಓದಿ ಹೇಳುತ್ತೇವೆ. ನ್ಯಾಯಾಲಯದಲ್ಲಿ ಇದು ನಿಲ್ಲುವುದಿಲ್ಲವೆಂದು ವಕೀಲರು ಹೇಳಬಹುದು, ಹೇಳಲಿ. ಒಪ್ಪಿಗೆಯಿಲ್ಲದವರು ಸೇರುವ ಮೊದಲೇ ಬೇರೆ ತೋಟ ನೋಡಿಕೊಳ್ಳಬಹುದು.